ಪಿತೃಗಳ ಪರವಾಗಿ ಉಂಡವರು

ನಮ್ಮನೆಯವರು ಊಟಕ್ಕೆ ಹೆಸರಾದವರು. ಆಡಿಕೊಳ್ಳಲು ಹೇಳುತ್ತಿಲ್ಲ, ಎಪ್ಪತ್ತರ ದಶಕದ ಮಾನ್ವಿಯಲ್ಲಿ ಯಾರನ್ನು ಕೇಳಿದ್ದರೂ ಹೀಗೇ ಹೇಳುತ್ತಿದ್ದರು. ಹಗಲು ಶಾಲೆಯಲ್ಲಿ ಸಂಸ್ಕೃತ ಮೇಷ್ಟ್ರು, ಬೆಳಿಗ್ಗೆ ಗುಡಿಯ ಪೂಜೆ, ಅದರ ನಡುವೆ ಎಲ್ಲಿ ಶ್ರಾದ್ಧವಿದ್ದರೂ ಪಿತೃಸ್ಥಾನಕ್ಕೆ ಇವರೇ ಆಗಬೇಕು. ಪಿತೃಸ್ಥಾನವೆಂದರೆ ತೀರಿಹೋದ ಹಿರಿಯರ ಬದಲಿಗೆ ಎಲೆಯ ಮುಂದೆ ಕೂತು ಉಣ್ಣುವುದು. ಇವರು ಇಲ್ಲಿ ಉಂಡಷ್ಟೂ ಅವರ ಹೊಟ್ಟೆ ಅಲ್ಲಿ ತುಂಬುತ್ತದೆಂಬ ನಂಬಿಕೆ. ಹೀಗಾಗಿ ರಾಯಚೂರು, ಮಾನ್ವಿ, ದೇವದುರ್ಗದ ಸತ್ತವರೆಲ್ಲ ಸುಖವಾಗಿದ್ದರು. ಬದುಕಿದ್ದ ನನ್ನ ಗಂಡ ಮಾತ್ರ ಗುಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತಿದ್ದರು.

ಬಸ್ಸಿನಲ್ಲಿ ಇಬ್ಬರ ಸೀಟಿಗೆ ಇವರೊಬ್ಬರೇ ಸಾಕು. ರಾಯಚೂರಿಗೆ ಹೋಗುವಾಗೆಲ್ಲ ಕಲ್ಮಲದಲ್ಲಿ ಯಾರಾದರೂ ಇಳಿಯುವವರೆಗೆ ನಾನು ನಿಂತೇ ಇರುತ್ತಿದ್ದೆ. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುವ ಕಾಲವೂ ಬಂತು. ಕೊನೆಗೆ ರಾಯಚೂರಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಅವ್ವಾರ, ಹೀಂಗ ಬಿಟ್ರ ಮುಂದ ಇವರದ ಶ್ರಾದ್ಧ ಮಾಡಬೇಕಾಗ್ತದ ನೋಡ್ರಿ" ಎಂದರು. ನಗೆಚಾಟಿಕೆಯ ಮನುಷ್ಯ ಅವರು. ನನಗೆ ಅವತ್ತು ನಗು ಬರಲಿಲ್ಲ.

ಬೊಂಬಾಯಿಯ ಒಂದು ಆಸ್ಪತ್ರೆಯಲ್ಲಿ ನನ್ನ ಅಣ್ಣ ಕೆಲಸಕ್ಕಿದ್ದ. ಅಲ್ಲಿ ಹೊಸದಾಗಿ, ಹೊಟ್ಟೆಯ ಚೀಲವನ್ನು ಹೊಲಿದು ಚಿಕ್ಕದು ಮಾಡುವ ಆಪರೇಷನ್ ಶುರುವಾಗಿದೆಯೆಂದು ಬರೆದ. ಎಂಬತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ ರಾಯಚೂರಿನಲ್ಲಿ ರೈಲು ಹತ್ತಿದೆವು. ಆಪರೇಷನ್ ಚೆನ್ನಾಗಿಯೇ ಆಯಿತು. ಬರುವಾಗ ಅಲ್ಲಿಯ ಡಾಕ್ಟರು, "ಹೊಲಿಯುವುದು ನನ್ನ ಕೆಲಸ, ಮುಗಿಯಿತು. ಸ್ವಲ್ಪ ಉಣ್ಣುವುದು, ಅಗಿದು ಉಣ್ಣುವುದು, ಸಿಹಿ ಬಿಡುವುದು, ದಿನಾ ನಡೆಯುವುದು ನಿಮ್ಮ ಕೆಲಸ, ಅದು ಮುಗಿಯುವಂಥದ್ದಲ್ಲ" ಎಂದು ಹಿಂದಿಯಲ್ಲಿ ಹೇಳಿದರು. ಪಾಪ, ಅವರಿಗೆ ನಮ್ಮತ್ತೆಯ ಪರಿಚಯವಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಇವರ ಅಂಗಿ ಗೂಟಕ್ಕೆ ಹಾಕಿದಂತೆ ಮೈಮೇಲೆ ಜೋತಾಡತೊಡಗಿತು. ಮಲಗಿ ನಿದ್ದೆ ಮಾಡಿದರು. ನನಗೆ ಹಬ್ಬವೋ ಹಬ್ಬ. ಊರಿಗೆ ಮಾತ್ರ ಸೂತಕ. ನಮ್ಮ ಕಡೆ ಮೈ ಬಂದರೆ ಸುಖ, ಮೈ ಇಳಿದರೆ ರೋಗ ಇಲ್ಲವೇ ಕೆಟ್ಟ ಹೆಂಡತಿ. ಬಂದವರೆಲ್ಲ ಜಮಖಾನೆಯ ಮೇಲೆ ಕೂತು, "ಏನ್ರೀ ಆಚಾರ್ರ, ಮಾರಿ ಇಷ್ಟ ಆಗ್ಯದ! ಮನ್ಯಾಗ ಉಣ್ಣಾಕ ಹಾಕಂಗಿಲ್ಲೇನು?" ಎಂದು ಇವರನ್ನು ಕೇಳಿ ನನ್ನ ಮುಖ ನೋಡುತ್ತಿದ್ದರು. ಕಾಯಿಪಲ್ಯ ಮಾರಲು ಬರುತ್ತಿದ್ದ ಹೆಂಗಸೊಬ್ಬಳು ಮಾತ್ರ ಬುಟ್ಟಿ ಕೆಳಗಿಟ್ಟು ಮನಸಾರೆ ನಕ್ಕಳು. "ಉಂಡಿದ್ದು ಹೆಚ್ಚಾದ್ರೂ ಆಪರೇಷನ್ ಮಾಡ್ತಾರೇನ್ರೀ ಯವ್ವಾ? ನಮ್ಮ ಓಣ್ಯಾಗ ಹೇಳಿದ್ರ ನನಗ ಹುಚ್ಚ ಹಿಡದದ ಅಂತಾರ." ಶಾಲೆಯಲ್ಲಿ ಸಮತೋಲನ ಆಹಾರದ ಪಾಠ ಮಾಡುತ್ತಿದ್ದ ನಾನು ಬದನೆಕಾಯಿ ಆರಿಸುವುದರಲ್ಲಿ ಮಗ್ನಳಾದೆ.

ನಡೆಯುವುದೂ ಸುಲಭವಿರಲಿಲ್ಲ. ಕೆಲಸವಿಲ್ಲದೆ ನಡೆಯುವ ಮನುಷ್ಯನನ್ನು ಆಗ ಯಾರೂ ಕಂಡಿರಲಿಲ್ಲ. ಇವರು ನಸುಕಿನಲ್ಲಿ ನೀರಮಾನ್ವಿ ರಸ್ತೆಗೆ ಬಿದ್ದರೆ ಎತ್ತಿನ ಗಾಡಿಯವರು ನಿಲ್ಲಿಸಿ, "ಯಾಕ್ರೀ ನಡಕೋತ ಹೊಂಟೀರಿ? ಹತ್ರಿ" ಎನ್ನುತ್ತಿದ್ದರು. ಇಲ್ಲವೆಂದರೆ ಬೇಜಾರು, ಹತ್ತಿದರೆ ನಡಿಗೆ ಕೆಟ್ಟಿತು. ಕೊನೆಗೆ ಇವರು ಕೈಯಲ್ಲೊಂದು ಖಾಲಿ ಚೀಲ ಹಿಡಿದು, ಹತ್ತಿರದಲ್ಲೇ ಏನೋ ತರಬೇಕಾದವರ ಹಾಗೆ ಅವಸರದಲ್ಲಿ ಹೋಗುವುದನ್ನು ರೂಢಿ ಮಾಡಿಕೊಂಡರು.

ಇವೆಲ್ಲ ಹೊರಗಿನ ಕಾಟ. ನಿಜವಾದದ್ದು ಅಡುಗೆಮನೆಯಲ್ಲಿತ್ತು. ನಮ್ಮತ್ತೆ ಮಡಿಯ ಅಡುಗೆಯಲ್ಲಿ ಎತ್ತಿದ ಕೈ, ಶ್ರಾದ್ಧದ ಮನೆಗಳಿಗೂ ಹೋಗಿ ಬೇಯಿಸಿಕೊಡುವವರು. ಅವರ ಪ್ರಕಾರ ಬೆಂದ ಅನ್ನ ತಿಂದರೆ ಮಾತ್ರ ಊಟ. ಉಳಿದದ್ದೆಲ್ಲ ಫಲಾಹಾರ, ಲೆಕ್ಕಕ್ಕಿಲ್ಲ. ಏಕಾದಶಿಯ ದಿನ ನಮ್ಮ ಮನೆಯಲ್ಲಿ ಉಪವಾಸದ ಹೆಸರಲ್ಲಿ ಏನೇನು ಒಳಗೆ ಹೋಗುತ್ತಿತ್ತೆಂಬುದನ್ನು ದೇವರೂ ಕಣ್ಣುಮುಚ್ಚಿಕೊಂಡೇ ನೋಡಿರಬೇಕು. "ಡಾಕ್ಟ್ರು ಬ್ಯಾಡ ಅಂದದ್ದು ಊಟ. ಇದು ಫಲಾಹಾರ ಅಲ್ಲೇನು?" ಎಂದು ಅತ್ತೆ, ನಾನು ಶಾಲೆಗೆ ಹೋದ ಮೇಲೆ, ಬಾಳೆಹಣ್ಣಿನ ಸೀಕರಣೆ, ಕೆನೆಹಾಲು, ಶೇಂಗಾ ಉಂಡಿಯನ್ನು ಹಾಲಿನಲ್ಲಿ ಕಲಸಿದ್ದು, ಲೋಟದ ಮೇಲೆ ಲೋಟ ಕುಡಿಸುತ್ತಿದ್ದರು. ಹೊಲಿದ ಹೊಟ್ಟೆಯಲ್ಲಿ ಅನ್ನ ನಿಲ್ಲುತ್ತಿರಲಿಲ್ಲ; ಸೀಕರಣೆಗೆ ಅಂಥ ತೊಂದರೆಯೇನಿಲ್ಲ, ಸರಾಗವಾಗಿ ಇಳಿಯುತ್ತಿತ್ತು. ಯುಗಾದಿಗೆ ಇವರ ಅಂಗಿ ಮತ್ತೆ ಮೈಗೆ ಹತ್ತಿತು. ಒಂದು ರಾತ್ರಿ ನೋಡುತ್ತೇನೆ, ಮತ್ತೆ ಗೋಡೆಗೆ ಒರಗಿ ಕೂತಿದ್ದಾರೆ.

ಬೆಳಿಗ್ಗೆ ನನ್ನ ತಾಳ್ಮೆ ಹೋಯಿತು. "ನಿಮ್ಮ ಪ್ರೀತಿನ ಇವರ ಜೀವಾ ತಗೀತದ" ಎಂದುಬಿಟ್ಟೆ. ನಮ್ಮತ್ತೆ ಸೆರಗು ಬಾಯಿಗಿಟ್ಟುಕೊಂಡು, "ಮಗಾ ಉಣ್ಣೋದು ಕಣ್ಣಿಲೆ ನೋಡಬಾರದೇನು ನಾನು?" ಎಂದು ಅತ್ತರು. ಇವರು ನಮ್ಮಿಬ್ಬರ ಮಾತಿಗೂ ನ್ಯಾಯವಾಗಿ ತಲೆಯಾಡಿಸಿ, ಕೈಯಲ್ಲಿದ್ದ ಲೋಟ ಖಾಲಿ ಮಾಡಿದರು.

ಅಷ್ಟರಲ್ಲಿ ರಾಯಚೂರಿನ ವಕೀಲರೊಬ್ಬರು ತಮ್ಮ ತಂದೆಯ ಶ್ರಾದ್ಧಕ್ಕೆ ಹೇಳಲು ಸ್ವತಃ ಬಂದರು. ಅಡುಗೆಗೆ ನಮ್ಮತ್ತೆ, ಕೈಗೂಡಿಸಲು ನಾನು, ಪಿತೃಸ್ಥಾನಕ್ಕೆ ಇವರು. ನಾನು ಬೇಡವೆಂದೆ. ಇಷ್ಟು ವರ್ಷದ ಮನೆ, ಇಲ್ಲವೆನ್ನಲು ಇವರಿಗೆ ಬಾಯಿ ಬರಲಿಲ್ಲ. ನನಗೆ ಹೆದರಿಕೆ ಎರಡು ಬಗೆಯದು. ಹೆಚ್ಚು ಉಂಡರೆ ಇವರಿಗೆ ಕಕ್ಕಿಕೊಳ್ಳುವುದೇ ಗತಿ. ಪಿತೃಸ್ಥಾನದವರು ಕಕ್ಕಿದರೆ ಶ್ರಾದ್ಧವೇ ಕೆಟ್ಟಂತೆ. ಕಕ್ಕದೆ ದಕ್ಕಿಸಿಕೊಂಡರೆ ಇನ್ನೂ ಕೆಟ್ಟದ್ದು. ಹಳೆಯ ಹೆಸರು, ಹಳೆಯ ರುಚಿ ಎರಡೂ ತಿರುಗಿ ಬರುತ್ತವೆ, ಬೊಂಬಾಯಿಯ ಹೊಲಿಗೆ ನೀರಿಗೆ ಬಿದ್ದ ಹಾಗೆ.

ಶ್ರಾದ್ಧದ ದಿನ ಎಲೆ ತುಂಬ ಬಡಿಸಿದ್ದರು. ಇವರು ಒಂದು ವಡೆ ಮುರಿದು ನಿಧಾನಕ್ಕೆ ಅಗಿದರು, ಎರಡು ತುತ್ತು ಅನ್ನ ಉಂಡರು, ಎಲೆಯ ಮೇಲೆ ಕೈ ಅಡ್ಡ ಹಿಡಿದರು. ವಡೆಯ ಬುಟ್ಟಿ ಹಿಡಿದು ನಿಂತಿದ್ದ ವಕೀಲರ ಮುಖ ಸಣ್ಣದಾಯಿತು. "ಆಚಾರ್ರ, ಇಷ್ಟ ಉಂಡ್ರ ಹ್ಯಾಂಗ್ರೀ? ನಮ್ಮಪ್ಪ ಎಂಥಾ ಉಣ್ಣಾಂವ, ನಿಮಗ ಗೊತ್ತದಲ್ಲಾ. ಅವ ಹಸದು ಹೋದ್ರ ನನಗ ವರ್ಷಾನಗಟ್ಲೆ ನಿದ್ದಿ ಬರಂಗಿಲ್ಲ. ಇನ್ನೆರಡ ವಡಿ!" ಅಡುಗೆಮನೆಯ ಬಾಗಿಲಲ್ಲಿ ನಮ್ಮತ್ತೆ ಪಾಯಸದ ಪಾತ್ರೆ ಹಿಡಿದು ಆಗಲೇ ತಯಾರಾಗಿ ನಿಂತಿದ್ದರು.

ಪಿತೃಸ್ಥಾನದಲ್ಲಿ ಕೂತವರು ಉಣ್ಣುವಾಗ ಮಾತಾಡುವ ಪದ್ಧತಿ ಇಲ್ಲ. ಇವರು ಮಾತಾಡಿದರು.

"ವಕೀಲ್ರ, ಇವತ್ತ ಈ ಎಲಿ ಮುಂದ ಕೂತಾಂವ ನಾನಲ್ಲ, ನಿಮ್ಮಪ್ಪ. ಹೌದಲ್ಲೋ?"

"ಹೌದ್ರಿ."

"ಸಕ್ಕರಿ ರೋಗಕ್ಕ ಅವರ ಕಾಲು ತಗದ್ರು. ಅದಾದ ಮ್ಯಾಲೂ ಎಲ್ಲಾರೂ ಪ್ರೀತಿಲೆ ಹಾಕಿದ್ರಿ, ಅವರೂ ಉಂಡ್ರು. ನಿಮ್ಮ ಮನಸ್ಸಿಗೆ ನೋವಾಗ್ತದ ಅಂತ ಬ್ಯಾಡ ಅನ್ನಲಿಲ್ಲ. ಈಗ ಅನ್ಲಿಕ್ಕತ್ತಾರ, ಕೇಳ್ರಿ. ಸಾಕು."

ವಕೀಲರ ಹೊಟ್ಟೆಯೂ ತಂದೆಯ ಹಾದಿಯಲ್ಲೇ ಇತ್ತು. ಅವರು ಬುಟ್ಟಿ ಕೆಳಗಿಟ್ಟು, ಎಲೆಯ ಮುಂದೆ ಸಾಷ್ಟಾಂಗ ಬಿದ್ದು, ಎಷ್ಟೋ ಹೊತ್ತು ಏಳಲಿಲ್ಲ. ನಮ್ಮತ್ತೆ ಪಾಯಸದ ಪಾತ್ರೆಯೊಂದಿಗೆ ಒಳಗೆ ಹೋದರು.

ಸುದ್ದಿ ಹಬ್ಬಿತು. ಸತ್ತವರ ಬಾಯಿಂದ ಮಕ್ಕಳನ್ನು ಬೈಸುವ ಆಚಾರ್ಯರು ಯಾರಿಗೆ ಬೇಕು? ದೇವದುರ್ಗದವರು ಬೇರೆಯವರನ್ನು ನೋಡಿಕೊಂಡರು, ಮಾನ್ವಿಯವರು ಮೆಲ್ಲಗೆ ಬಿಟ್ಟರು. ಆ ವರ್ಷ ಪಿತೃಪಕ್ಷದಲ್ಲಿ ಒಂದು ಮನೆಯಿಂದಲೂ ಹೇಳಿಕೆ ಬರಲಿಲ್ಲ. ಇವರು ಒಗೆದ ಮಡಿಪಂಚೆ ಉಟ್ಟು ಮಧ್ಯಾಹ್ನದವರೆಗೆ ಕಟ್ಟೆಯ ಮೇಲೆ ಕೂತಿದ್ದರು, ಯಾರಾದರೂ ಕೊನೆಗಳಿಗೆಯಲ್ಲಿ ಬಂದಾರೆಂದು. ಇಂಥ ದುಃಖಕ್ಕೆ ನಮ್ಮ ಮನೆಯಲ್ಲಿದ್ದ ಮದ್ದು ಒಂದೇ, ಸಿಹಿ. ಅತ್ತೆ ಒಳಗೆ ಬಾಳೆಹಣ್ಣು ಸುಲಿಯುತ್ತಿರುತ್ತಾರೆಂದೇ ತಿಳಿದೆ.

ಇವರು ಒಳಗೆ ಬಂದು ಮಣೆಯ ಮೇಲೆ ಕೂತರು. ಅತ್ತೆ ಅನ್ನದ ಪಾತ್ರೆ ತಂದರು, ಸೌಟು ಎತ್ತಿದರು, ಹಾಕಲಿಲ್ಲ. ಮಗನ ಮುಖ ನೋಡಿ, "ಎಷ್ಟ ಹಾಕ್ಲೋ ಯಪ್ಪಾ?" ಎಂದು ಕೇಳಿದರು.

ನಾನು ಆ ಮನೆಗೆ ಸೊಸೆಯಾಗಿ ಬಂದು ಎಷ್ಟೋ ವರ್ಷವಾಗಿತ್ತು. ಅಲ್ಲಿ ಆ ಮಾತು ಕೇಳಿದ್ದು ಅವತ್ತೇ ಮೊದಲು.