ಪಿನ್ನರ್‌ನವರ ಪಾಲು

ದೋಣಿ ರಿಪೇರಿ ಅಂಗಳದ ಯಜಮಾನ ಗೇಟು ತೆರೆದ, ಆದರೆ ಪಕ್ಕಕ್ಕೆ ಸರಿಯಲಿಲ್ಲ. ನಮ್ಮ ವ್ಯಾನು ಅರ್ಧ ಒಳಗೆ, ಅರ್ಧ ಹೊರಗೆ ನಿಂತಿತು.

"ನಿಮ್ಮಲ್ಲಿ ಯಾರೋ ಇಲ್ಲಿ ಕಾರ್ ಪಾರ್ಕಿನಲ್ಲಿ ಮೀನು ಮಾರುತ್ತಿದ್ದಾರಂತೆ," ಎಂದು ಇಂಗ್ಲಿಷಿನಲ್ಲಿ, ಗಾಳಿ ಮಳೆಯ ವಿಷಯ ಹೇಳುವ ದನಿಯಲ್ಲೇ ಹೇಳಿದ. "ಅದು ನಿಜವಾದರೆ ಮುಂದಿನ ಸಲ ಬೇರೆ ಗೇಟು ನೋಡಿಕೊಳ್ಳಿ."

ಬೇರೆ ಗೇಟು ಇರಲಿಲ್ಲ. ಇಂಗ್ಲೆಂಡಿನ ಎಸೆಕ್ಸ್ ಕಡಲ ಬದಿಯ ಆ ಹಿನ್ನೀರಿಗೆ ಕಯಾಕ್ ಎಂಬ ನಮ್ಮ ಪುಟ್ಟ ಒಂಟಿ ದೋಣಿಗಳನ್ನು ಇಳಿಸಲು ಗಟ್ಟಿ ನೆಲವಿರುವುದು ಆ ಅಂಗಳದ ಇಳಿಜಾರಿನಲ್ಲಿ ಮಾತ್ರ. ಎಡಕ್ಕೂ ಬಲಕ್ಕೂ ಮೊಣಕಾಲುದ್ದದ ಕೆಸರು. ಹವ್ಯಾಸಕ್ಕೆ ಹಿಡಿದ ಮೀನನ್ನು ಮಾರುವಂತಿಲ್ಲ ಎಂಬುದು ಇಲ್ಲಿನ ಕಾನೂನು, ಅದು ನಮ್ಮ ನಾಲ್ವರಿಗೂ ಗೊತ್ತಿತ್ತು.

ನಾಲ್ವರಲ್ಲಿ ವ್ಯಾನಿನಲ್ಲಿದ್ದದ್ದು ಮೂವರು. ಇಬ್ಬರನ್ನು ಲಂಡನ್ನಿನಲ್ಲಿ ಅವರ ಮನೆಯಿರುವ ಬಡಾವಣೆಯ ಹೆಸರಿನಿಂದಲೇ ಕರೆಯುತ್ತಿದ್ದೆವು. ಫೆಲ್ಥಮ್‌ನವರು ಮಂಗಳೂರಿನ ಕಡೆಯವರು, ವಿಮಾನ ನಿಲ್ದಾಣದ ಕಾರ್ಗೋ ವಿಭಾಗದಲ್ಲಿ ಕೆಲಸ. ಈ ಗುಂಪು ಕಟ್ಟಿದವರು ಅವರೇ. ಎರಡೂ ಕಣ್ಣು ಒಂದೇ ಬದಿಗಿರುವ ಫ್ಲೌಂಡರ್ ಎಂಬ ಇಲ್ಲಿನ ಚಪ್ಪಟೆ ಮೀನನ್ನು ಮೊದಲು ಹಿಡಿದಾಗ, ಅದರಂತೆಯೇ ಇರುವ ಊರಿನ ನಂಗು ಮೀನು ನೆನಪಾಗಿ, "ನಂಗಿನ ದೊಡ್ಡಣ್ಣ" ಎಂದು ಅದಕ್ಕೆ ಹೆಸರಿಟ್ಟವರೂ ಅವರೇ. ವ್ಯಾನು ಓಡಿಸುತ್ತಿದ್ದದ್ದು ಬೆಂಗಳೂರಿನ ಐ.ಟಿ. ಗೆಳೆಯ. ಮೂರನೆಯವನು ನಾನು. ಬಹಳ ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ಸುದ್ದಿಯನ್ನು ಅನುಮಾನಿಸಿದವನು. ನಾಲ್ಕನೆಯವರು ಧಾರವಾಡದವರು, ಪಿನ್ನರ್‌ನಲ್ಲಿ ಮನೆ, ಪಾರ್ಕ್ ರಾಯಲ್‌ನ ಯಾವುದೋ ಸಿದ್ಧ ಆಹಾರದ ಕಾರ್ಖಾನೆಯಲ್ಲಿ ಅಧಿಕಾರಿ. ಅವರು ಯಾವಾಗಲೂ ತಮ್ಮ ಕಾರಿನಲ್ಲೇ ಬರುತ್ತಿದ್ದರು. ಅವತ್ತು ಇನ್ನೂ ಬಂದಿರಲಿಲ್ಲ.

"ಯಾರು ಅಂತ ಬೇರೆ ಹೇಳ್ಬೇಕಾ?" ಎಂದರು ಫೆಲ್ಥಮ್‌ನವರು. "ತಿನ್ನದವರಿಗೆ ಪಾಲು ಎಂತಕ್ಕೆ ಮಾರಾಯ್ರೆ? ಶೋಕೇಸಲ್ಲಿ ಇಡ್ಲಿಕ್ಕಾ?"

"ಹೌದು ಸಾರ್," ಎಂದ ಐ.ಟಿ. ಗೆಳೆಯ. "ಫುಡ್ ಕಂಪನಿ ಬೇರೆ. ಲಿಂಕ್ ಇದ್ದೇ ಇರುತ್ತೆ."

ಪಾಲಿನ ವಿಷಯ ಹೀಗೆ. ಯಾರ ಗಾಳಕ್ಕೆ ಎಷ್ಟೇ ಬೀಳಲಿ, ದಡಕ್ಕೆ ಬಂದ ಮೇಲೆ ಮೀನನ್ನೆಲ್ಲ ಟಾರ್ಪಾಲಿನ ಮೇಲೆ ಸುರಿದು ನಾಲ್ಕು ಗುಡ್ಡೆ ಮಾಡುವುದು. ಒಬ್ಬ ಆ ಕಡೆ ಮುಖ ಮಾಡಿ ನಿಲ್ಲುತ್ತಾನೆ. ಇನ್ನೊಬ್ಬ ಒಂದು ಗುಡ್ಡೆ ಮುಟ್ಟಿ "ಇದು ಯಾರಿಗೆ?" ಎನ್ನುತ್ತಾನೆ. ನೋಡದೆ ನಿಂತವನು ಹೆಸರು ಹೇಳುತ್ತಾನೆ. ಜಗಳವಿಲ್ಲ. ಫೆಲ್ಥಮ್‌ನವರು ಊರಿನಿಂದ ತಂದ ಪದ್ಧತಿ ಅದು. ಪಿನ್ನರ್‌ನವರು ಎಂದೂ ತಮ್ಮ ಗುಡ್ಡೆ ಬಿಟ್ಟವರಲ್ಲ. ಐಸ್ ಪೆಟ್ಟಿಗೆಗೆ ಹಾಕಿಕೊಂಡು, "ನೀವು ಹೊಂಡ್ರಿ, ನಾ ಆಮ್ಯಾಲೆ ಬರ್ತೇನಿ," ಎನ್ನುತ್ತಿದ್ದರು. ಪ್ರತಿ ಸಲವೂ ಕೊನೆಗೆ ಹೊರಡುವವರು ಅವರು.

ಅವರು ತಿನ್ನುವುದಿಲ್ಲ ಎಂದು ನಮಗೆ ಹೇಗೆ ಗೊತ್ತು? ಯಾರೂ ಹೇಳಿರಲಿಲ್ಲ. ಹಣೆಯಲ್ಲಿ ವಿಭೂತಿ ಇರುತ್ತಿತ್ತು. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಉಳಿದದ್ದನ್ನು ನಾವೇ ತುಂಬಿಕೊಂಡಿದ್ದೆವು. "ನೀವು ತಿನ್ನುತ್ತೀರಾ?" ಎಂದು ಕೇಳುವುದು, ಬೇರೆ ಬೇರೆ ಊರಿನ ಕನ್ನಡಿಗರು ಸೇರಿದ ಕಡೆ, ಜಾತಿ ಕೇಳಿದಂತೆಯೇ. ಅದನ್ನು ಇಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ತಟ್ಟೆ ನೋಡಿ ಊಹಿಸುತ್ತಾರೆ.

"ಪೇಪರ್‌ನವರೇ, ನೀವು ಏನಾದ್ರೂ ನೋಡಿದ್ದುಂಟಾ?" ಎಂದರು ಫೆಲ್ಥಮ್‌ನವರು.

ನೋಡಿದ್ದೆ. ಹಿಂದಿನ ಸಲ ಹೊರಟಾಗ, ವ್ಯಾನಿನ ಕನ್ನಡಿಯಲ್ಲಿ ಪಿನ್ನರ್‌ನವರ ಕಾರಿನ ಡಿಕ್ಕಿ ತೆರೆದಿದ್ದದ್ದು ಕಾಣಿಸಿತ್ತು. ನಾಯಿ ಹಿಡಿದ ಹೆಂಗಸೊಬ್ಬಳು ಅಲ್ಲಿ ನಿಂತಿದ್ದಳು. ಅವರು ಅವಳ ಕೈಗೆ ಒಂದು ಚೀಲ ಕೊಟ್ಟರು. ಅಷ್ಟು ಹೇಳಿದೆ. ಅವಳು ತಿರುಗಿ ಏನಾದರೂ ಕೊಟ್ಟಳೇ ಎಂದು ಕೇಳಿದರು. ಕಾಣಲಿಲ್ಲ ಎಂದೆ. ಡೆಸ್ಕಿನಲ್ಲಾಗಿದ್ದರೆ ಈ ಅರ್ಧ ಸುದ್ದಿಯನ್ನು ನಾನೇ ತಡೆಹಿಡಿಯುತ್ತಿದ್ದೆ. ವ್ಯಾನಿನಲ್ಲಿ ಅದು ಪೂರ್ತಿ ಸುದ್ದಿಯಾಗಿ ಓಡಿತು.

"ಆಯ್ತು," ಎಂದರು ಫೆಲ್ಥಮ್‌ನವರು. "ಇವತ್ತು ನೋಡುವ. ಹೌದು ಅಂತಾದ್ರೆ, ಇನ್ನು ಬರೋದು ಬೇಡ ಅಂತ ನಾನೇ ಹೇಳ್ತೇನೆ. ಒಬ್ಬರಿಗೋಸ್ಕರ ಎಲ್ಲರ ಗೇಟು ಹೋಗ್ಬಾರ್ದು."

ಅಷ್ಟರಲ್ಲಿ ಪಿನ್ನರ್‌ನವರ ಕಾರು ಬಂತು. ಇಳಿದವರೇ, "ಏನ್ರಪಾ, ಮೂರೂ ಮಂದಿ ಮಾರಿ ಯಾಕ ಹಿಂಗ? ಫ್ಲೌಂಡರ್ ಆಗೀರೇನು, ಎರಡೂ ಕಣ್ಣು ನನ್ನ ಕಡೆನ ಅದಾವಲ್ಲ!" ಎಂದು ನಕ್ಕರು. ನಾವೂ ನಕ್ಕೆವು.

ನೀರು ಏರುತ್ತಿತ್ತು. ಏರುವ ನೀರಿನ ಜೊತೆಗೇ ಈ ಮೀನು ಹುಳು ಹುಡುಕುತ್ತ ಕೆಸರಿನ ಮೇಲಕ್ಕೆ ಬರುತ್ತದೆ. ಕಂದು ಬೆನ್ನು ಕೆಸರಿನ ಬಣ್ಣಕ್ಕೇ ಹೊಂದಿಕೊಂಡಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಗಾಳದ ಕೋಲಿನ ತುದಿ ಸಣ್ಣಗೆ ಟಕಟಕ ಎಂದಾಗ ಅವಸರಪಡಬಾರದು. ಅದು ಹುಳುವನ್ನು ನಿಧಾನ ನುಂಗುವ ಜಾತಿ. ಎಂದಿನಂತೆ ನಾವು ಸಾಲಾಗಿ ಲಂಗರು ಬಿಟ್ಟು ಕೂತೆವು. ನಾನು ಗಾಳ ನೋಡುತ್ತಿರಲಿಲ್ಲ. ಪಿನ್ನರ್‌ನವರ ಬೆನ್ನು ನೋಡುತ್ತಿದ್ದೆ.

ಒಂದು ಸಲ ಅವರು ಲಂಗರು ಎತ್ತಿ, ತಿರುವಿನ ಆಚೆಗೆ ಹುಟ್ಟು ಹಾಕಿಕೊಂಡು ಹೋದರು. ಜಾಗ ಬದಲಿಸುವವನಂತೆ ನಾನೂ ಹಿಂದೆ ಹೋದೆ. ಫೋನಿನಲ್ಲಿ ಮಾತಾಡುತ್ತಿದ್ದರು. ನೀರಿನ ಮೇಲೆ ಮಾತು ದೂರ ಬರುತ್ತದೆ. "ಊಟಕ್ಕ ಕಾಯಬ್ಯಾಡ. ಇಲ್ಲೆ ಒಂದೀಟು ಕೆಲಸ ಅದ, ಮುಗಿಸಿ ಬರ್ತೇನಿ."

ಯಾವ ಕೆಲಸ? ಮೀನು ಹಿಡಿದಾದ ಮೇಲೆ ಆ ಅಂಗಳದಲ್ಲಿ ಯಾರಿಗೂ ಯಾವ ಕೆಲಸವೂ ಇರುವುದಿಲ್ಲ. ನನ್ನನ್ನು ನೋಡಿ ಫೋನು ಚೀಲಕ್ಕೆ ತುರುಕಿದರು.

"ಇಲ್ಲೇನರ ಕಚ್ಚಾಕತ್ತಾವೇನ್ರಿ?" ಎಂದರು.

"ನೋಡೋಣ ಅಂತ ಬಂದೆ," ಎಂದೆ.

"ನೋಡ್ರಿ, ನೋಡ್ರಿ." ಗಾಳಕ್ಕೆ ಹೊಸ ಹುಳು ಸಿಕ್ಕಿಸುತ್ತ ತಾವೇ ಹೇಳಿದರು. "ಯಾಕ ಈಟ ದೂರ ಬರ್ತೇನಿ ಗೊತ್ತೇನ್ರಿ? ವಾರಪೂರ್ತಿ ಮಂದಿಗೆ ಉತ್ತರ ಕೊಡೂದ ಆಗ್ತದ. ಆಫೀಸಿನ್ಯಾಗೂ, ಮನ್ಯಾಗೂ. ಇಲ್ಲೆ ಬಂದ್ರ ಯಾರೂ ಏನೂ ಕೇಳೂದಿಲ್ಲ. ನನಗ ಇದೊಂದ ಜಾಗ ಉಳದದ."

ಇದು ಮನಸ್ಸಿನ ಮಾತೋ, ನನ್ನನ್ನು ತಿರುವಿನಿಂದ ಸಾಗಹಾಕುವ ಉಪಾಯವೋ ತಿಳಿಯಲಿಲ್ಲ. ಎರಡಕ್ಕೂ ಜಾಗ ಬಿಟ್ಟು ಹಿಂತಿರುಗಿದೆ.

ದಡದಲ್ಲಿ ಟಾರ್ಪಾಲು ಹಾಸಿದ್ದಾಯಿತು. ಮೀನು ಒಳ್ಳೆಯದೇ ಸಿಕ್ಕಿತ್ತು. ಫೆಲ್ಥಮ್‌ನವರು ಕೂತು ಪಾಲು ಮಾಡತೊಡಗಿದರು. ದೊಡ್ಡದು, ಸಣ್ಣದು ಹೊಂದಿಸಿ ಒಂದು ಗುಡ್ಡೆ, ಎರಡು, ಮೂರು. ಅಲ್ಲಿಗೆ ನಿಲ್ಲಿಸಿ ಕೈ ಒರೆಸಿಕೊಂಡರು.

ಪಿನ್ನರ್‌ನವರು ಕಯಾಕ್ ತೊಳೆಯುತ್ತಿದ್ದವರು ಬಂದು ನೋಡಿದರು. ಮತ್ತೊಮ್ಮೆ ನೋಡಿದರು.

"ನಂದೆಲ್ಲೆ?"

"ನಿಮಗೆ ಎಂತಕ್ಕೆ?" ಎಂದರು ಫೆಲ್ಥಮ್‌ನವರು. "ಮೀನು ಇಲ್ಲಿ ಮಾರಾಟ ಆಗ್ತಾ ಉಂಟು ಅಂತ ಗೇಟಿನವನು ಹೇಳಿದ. ನಾವು ಮೂರು ಜನ ಮನೆಗೆ ತಗೊಂಡು ಹೋಗಿ ತಿಂತೇವೆ. ನೀವು ಏನು ಮಾಡ್ತೀರಿ, ನೀವೇ ಹೇಳಿ."

"ಬೇಜಾರ್ ಮಾಡ್ಕೋಬೇಡಿ ಸಾರ್," ಎಂದ ಐ.ಟಿ. ಗೆಳೆಯ. "ಆ ನಾಯಿ ಲೇಡಿಗೆ ನೀವು ಕೊಟ್ಟಿದ್ದನ್ನ ನೋಡಿದಾರೆ."

"ಯಾರು ನೋಡ್ಯಾರ?"

"ನಾನು," ಎಂದೆ.

ಅವರು ನನ್ನನ್ನೇ ನೋಡಿದರು. "ಅದಕ್ಕ ಆ ತಿರುವಿನ್ಯಾಗ ಬಂದಿದ್ರೇನು." ಪ್ರಶ್ನೆಯಾಗಿರಲಿಲ್ಲ ಅದು.

ಆಮೇಲೆ ಕಾರಿಗೆ ಹೋಗಿ ಡಿಕ್ಕಿ ತೆರೆದರು. ನಾವೂ ಹೋದೆವು. ಒಳಗೆ ಒಂದು ಚಿಕ್ಕ ಗ್ಯಾಸ್ ಒಲೆ, ಕರಿ ಹಿಡಿದ ಬಾಣಲೆ, ಎಣ್ಣೆಯ ಬಾಟಲಿ, ಖಾರದ ಪುಡಿಯ ಡಬ್ಬಿ, ಪಾತ್ರೆ ತೊಳೆಯುವ ಸೋಪು, ಬೇರೆ ಒಂದು ಅಂಗಿ.

"ಕಾರ್ಖಾನ್ಯಾಗ ನನ್ನ ಕೆಲಸನ ರುಚಿ ನೋಡೂದು," ಎಂದರು. "ಮೀನಿನ ಊಟಾನೂ ಮಾಡ್ತಾರ ಅಲ್ಲೆ. ಬಾಯಿಗೆ ಇಡದ ಸಹಿ ಹಾಕಾಕ ಬರೂದಿಲ್ಲ. ಹಂಗ ರುಚಿ ಹತ್ತಿತು. ಮನ್ಯಾಗ ನಮ್ಮವ್ವ ಅದಾಳ. ವಾಸನಿ ಬಂದ್ರ ಊಟಾ ಬಿಡ್ತಾಳ. ಇಲ್ಲೇ ಹುರಕೊಂಡು ತಿಂದು, ಅಂಗಿ ಬದಲಿಸಿ ಹೋಗ್ತೇನಿ. ಒಬ್ಬನ ಎಷ್ಟ ತಿನ್ನಲಿ? ಉಳದದ್ದು ಆ ನಾಯಿ ಬಾಯಿಗೆ, ಮತ್ತ್ಯಾರರ ಬಂದ್ರ ಅವರಿಗೆ. ಒಯ್ಯಾಕ ಮನಿ ಇಲ್ಲ. ಚೆಲ್ಲಾಕ ಮನಸಿಲ್ಲ."

"ಇಷ್ಟೇ ಅಂದ್ರೆ ಹೇಳ್ಬಹುದಿತ್ತಲ್ಲ ಮಾರಾಯ್ರೆ," ಎಂದರು ಫೆಲ್ಥಮ್‌ನವರು.

"ನೀವು ಕೇಳಬಹುದಿತ್ತು."

ಫೆಲ್ಥಮ್‌ನವರು ಟಾರ್ಪಾಲಿನ ಹತ್ತಿರ ಹೋಗಿ, ತಮ್ಮ ಗುಡ್ಡೆಯಿಂದಲೇ ಎರಡು ಮೀನು ತಂದು ಮುಂದೆ ಹಿಡಿದರು. ಮಾತು ನಂಬಿ ಕೊಟ್ಟದ್ದೋ, ಪರೀಕ್ಷೆಗೆ ಕೊಟ್ಟದ್ದೋ? ಅವರ ಮುಖ ನೋಡಿದರೆ ಎರಡನೆಯದೂ ಇತ್ತು. ನನ್ನ ಮುಖದಲ್ಲೂ ಇದ್ದಿರಬೇಕು. ಒಲೆ, ಬಾಣಲೆ ಕಂಡಿದ್ದವು. ತಿಂದದ್ದನ್ನು ಇನ್ನೂ ಕಂಡಿರಲಿಲ್ಲ.

ಪಿನ್ನರ್‌ನವರು ಮೀನು ತೆಗೆದುಕೊಂಡರು. ಸ್ವಚ್ಛ ಮಾಡಿ, ಉಪ್ಪು ಖಾರ ಹಚ್ಚಿ, ಹುರಿದು, ನಾಲ್ಕು ಪಾಲು ಮಾಡಿ ಬುತ್ತಿಯ ರೊಟ್ಟಿಯ ಮೇಲೆ ಇಟ್ಟುಕೊಟ್ಟರು. ತಾವೂ ತಿಂದರು. ಬೇಗ ಬೇಗ, ತಲೆ ಎತ್ತದೆ, ಮುಳ್ಳನ್ನು ಸಲೀಸಾಗಿ ಬಿಡಿಸಿ. ಮುಳ್ಳು ಬಿಡಿಸುವ ಆ ಬೆರಳುಗಳನ್ನು ನೋಡಿದ ಮೇಲೆ ನನಗೆ ಸಂಶಯ ಉಳಿಯಲಿಲ್ಲ. ನಾನು ನೋಡುತ್ತಿರುವುದು ಅವರಿಗೆ ಗೊತ್ತಿತ್ತು.

"ಹುಳಿ ಇಲ್ಲ," ಎಂದರು ಫೆಲ್ಥಮ್‌ನವರು, ಬಾಯಿ ತುಂಬಿಕೊಂಡೇ. "ಹುಳಿ ಇಲ್ಲದೆ ಮೀನು ಹೇಗೆ ತಿಂತೀರಿ? ಮುಂದಿನ ಸಲ ನಾನು ಮಸಾಲೆ ಅರೆದು ತರ್ತೇನೆ. ಎಲ್ಲರೂ ಇಲ್ಲೇ ತಿನ್ನುವ." ಕ್ಷಮಿಸಿ ಎಂಬ ಮಾತು ಅವರ ಬಾಯಲ್ಲಿ ಬರುವುದು ಹೀಗೇ. ಕೈ ತೊಳೆದುಕೊಂಡು ಗೇಟಿನವನ ಹತ್ತಿರ ಹೋಗಿ ಮಾತಾಡಿ ಬಂದರು. ಮಾರಾಟವಲ್ಲ, ದಾನ ಎಂದು ಒಪ್ಪಿಸಿದ್ದರು. ಇನ್ನು ಕಾರ್ ಪಾರ್ಕಿನಲ್ಲಿ ದಾನವೂ ಬೇಡ ಎಂದು ಅವನು ಹೇಳಿದನಂತೆ. ಗೇಟು ಉಳಿಯಿತು.

"ಹಾಗಾದ್ರೆ ಬರ್ತೀರಲ್ಲ?" ಎಂದು ಪಿನ್ನರ್‌ನವರನ್ನು ಕೇಳಿದರು.

ಅವರು ಬಾಣಲೆ ತಿಕ್ಕುತ್ತಿದ್ದರು. "ನೋಡೂಣ್ರಿ," ಎಂದರು.

ಮುಂದಿನ ಸಲ ಅವರು ಬಂದರು. ಎಂದಿನ ಜಾಗದಲ್ಲಿ ಕೂತು ಮೀನು ಹಿಡಿದರು, ಐ.ಟಿ. ಗೆಳೆಯನ ಸಿಕ್ಕಾದ ದಾರ ಬಿಡಿಸಿಕೊಟ್ಟರು. ಗುಡ್ಡೆ ನಾಲ್ಕು ಆದವು. ತಮ್ಮದನ್ನು ಪೆಟ್ಟಿಗೆಗೆ ಹಾಕಿಕೊಂಡು, "ಬರ್ತೇನ್ರಿ," ಎಂದು ಎಲ್ಲರಿಗಿಂತ ಮೊದಲು ಕಾರು ಹತ್ತಿ ಹೊರಟರು. ಒಲೆ ಹೊರಗೆ ತೆಗೆಯಲಿಲ್ಲ. ಆ ದಾರಿಯುದ್ದಕ್ಕೂ ಕಾರು ನಿಲ್ಲಿಸಬಹುದಾದ ಜಾಗಗಳಿವೆ. ಯಾವುದರಲ್ಲಿ ನಿಲ್ಲಿಸಿ ಹುರಿದುಕೊಂಡರೋ ನನಗೆ ಗೊತ್ತಿಲ್ಲ.

ಕಾರು ಗೇಟು ದಾಟುವವರೆಗೆ ಫೆಲ್ಥಮ್‌ನವರು ಮಸಾಲೆಯ ಡಬ್ಬಿ ಹಿಡಿದುಕೊಂಡೇ ನಿಂತಿದ್ದರು.