ಗುಡ್ಡ ಹೊತ್ತ ಹನುಮಂತನ ಕಾರ್ಡು

ನನ್ನನ್ನು ಕಾಲೇಜಿಗೆ ಸೇರಿಸಿದ್ದು ಎಸ್ಸೆಸ್ಸೆಲ್ಸಿಯ ಅಂಕಗಳಲ್ಲ, ಒಂದು ಗಿಣಿ. ಅಂಕಗಳೇನೂ ಕಡಿಮೆ ಇರಲಿಲ್ಲ. ಅಂಕಪಟ್ಟಿ ಹಿಡಿದು ನಾನು ಹೋಗದ ಮನೆ ಹೊಸನಗರ ತಾಲೂಕಿನಲ್ಲಿ ಒಂದೂ ಉಳಿದಿರಲಿಲ್ಲ. ಆದರೆ ಅಮ್ಮನ ತಾಯಿ, ನಮ್ಮ ಅಮ್ಮಮ್ಮ, ಹೂಂ ಅನ್ನದೆ ಮನೆಯಲ್ಲಿ ಬೆಕ್ಕು ಕೂಡ ಮರಿ ಹಾಕುತ್ತಿರಲಿಲ್ಲ.

ಕಾಲೇಜು ತೀರ್ಥಹಳ್ಳಿಯಲ್ಲಿ, ವಾಸ ಚಿಕ್ಕಮ್ಮನ ಮನೆಯಲ್ಲಿ ಎಂದು ಠರಾವಾಗಿತ್ತು. ಏನು ಓದುತ್ತೀ ಎಂದು ಅಮ್ಮಮ್ಮ ಕೇಳಿದಾಗಲೆಲ್ಲ ನಾನು ಒಂದು ದಿನ ಸೈನ್ಸ್, ಇನ್ನೊಂದು ದಿನ ಆರ್ಟ್ಸ್ ಅನ್ನುತ್ತಿದ್ದೆ. ಅದಕ್ಕೇ ಅವಳು ಅರ್ಧ ಮನಸ್ಸಿನಲ್ಲಿ ನನ್ನ ಜೊತೆ ಹೊರಟಿದ್ದಳು. ರಿಪ್ಪನ್‌ಪೇಟೆಯಲ್ಲಿ ಬಸ್ಸು ಬದಲಾಯಿಸಬೇಕು. ತೀರ್ಥಹಳ್ಳಿ ಬಸ್ಸು ಎಷ್ಟು ತಡವಾಯಿತೆಂದರೆ ಕಾಯುತ್ತಾ ನನ್ನ ಜಡೆ ಒಂದು ಗೇಣು ಬೆಳೆಯಿತು, ಅಮ್ಮಮ್ಮನ ಅರ್ಧ ಮನಸ್ಸು ಕಾಲುಭಾಗವಾಯಿತು. ಅಲ್ಲೇ ಮೂಲೆಯಲ್ಲಿ ಗಿಣಿಶಾಸ್ತ್ರದವನು ಕೂತಿದ್ದ. ಅವನನ್ನೇ ಕೇಳುವ, ಕಾರ್ಡು ಒಳ್ಳೆಯದು ಬಂದರೆ ತೀರ್ಥಹಳ್ಳಿ, ಇಲ್ಲದಿದ್ದರೆ ವಾಪಸು ಮನೆ ಎಂದುಬಿಟ್ಟಳು.

ನನಗೆ ಸರಸ್ವತಿಯ ಕಾರ್ಡು ಬೇಕಿತ್ತು. ಲಕ್ಷ್ಮಿ ಬಂದರೆ ಗೃಹಲಕ್ಷ್ಮಿ ಎಂದು ಅರ್ಥ ಮಾಡಿ ನನ್ನನ್ನು ಒಲೆ ಮುಂದೆ ಕೂರಿಸುತ್ತಾರೆ. ಅಮ್ಮಮ್ಮ ಕುಕ್ಕರುಗಾಲಿನಲ್ಲಿ ಕೂರುವಷ್ಟರಲ್ಲಿ ನಾನು ಪಂಜರದೊಳಗೆ ನಾಲ್ಕು ಕಡಲೆಬೀಜ ತಳ್ಳಿದೆ. ಗಿಣಿ ತಿಂದಿತು, ಕೊಕ್ಕು ಒರೆಸಿಕೊಂಡಿತು, ಊಟವಾದ ಮಾವನ ಹಾಗೆ ಕಣ್ಣು ಮುಚ್ಚಿತು. ಶಾಸ್ತ್ರದವನು ಮೂರು ಸಲ ಕರೆದ ಮೇಲೆ ಹೊರಗೆ ಬಂದು, ಕಾಲಿಗೆ ಸಿಕ್ಕಿದ ಕಾರ್ಡನ್ನು ಎಳೆದು ಹಾಕಿ ಒಳಗೆ ಹೋಯಿತು. ಗುಡ್ಡ ಹೊತ್ತು ಹಾರುವ ಹನುಮಂತ.

ಇದು ಒಳ್ಳೆಯದೋ ಕೆಟ್ಟದ್ದೋ ನನಗೆ ಗೊತ್ತಾಗಲಿಲ್ಲ. ಬಯಲುಸೀಮೆಯ ಆ ಮನುಷ್ಯ ನನ್ನನ್ನು ಅಳೆದು ನೋಡಿ ಅಮ್ಮಮ್ಮನನ್ನು ಕೇಳಿದ.

"ಮಗೀಗೆ ಎಲ್ಲಾದ್ರೂ ಗಂಡು ನೋಡೀರೇನು ತಾಯಿ?"

"ಇಲ್ಲೆ."

ನಮ್ಮ ಮನೆಮಾತಿನಲ್ಲಿ ಇಲ್ಲೆ ಎಂದರೆ ಇಲ್ಲ. ಅವನಿಗೆ ಕೇಳಿಸಿದ್ದು, ಇಲ್ಲಿಯೇ.

"ಇಲ್ಲೇ ಅಂದ್ರೆ, ಈ ಊರಾಗೇ?"

"ಈ ಊರಲ್ಲೂ ಇಲ್ಲೆ."

ಅವನು ಸುತ್ತ ಕಣ್ಣಾಡಿಸಿದ. ಆಚೆ ಒಬ್ಬ ಕಂಡಕ್ಟರ್ ನಿಂತು ಬಾಳೆಹಣ್ಣು ಸುಲಿಯುತ್ತಿದ್ದ. ಅವನನ್ನೇ ನೋಡುತ್ತಾ ಶಾಸ್ತ್ರದವನು ಭವಿಷ್ಯ ನುಡಿದ. ಹನುಮಪ್ಪ ಬಂದಾನೆ, ಗಂಡು ಕೂಗಳತೆಯಲ್ಲೇ ಐತೆ, ಮಗೀನ ದೂರ ಕಳಿಸಬೇಡಿ ಅಂದ. ನನ್ನ ಕಾಲೇಜು ಆ ಬಾಳೆಹಣ್ಣಿನ ಜೊತೆಗೇ ಮುಗಿಯಿತು ಅಂದುಕೊಂಡೆ.

ಅಮ್ಮಮ್ಮ ಕಾರ್ಡು ಕಸಿದುಕೊಂಡಳು. ರಾಮಾಯಣದಲ್ಲಿ ಅವಳಿಗೆ ಪಾಠ ಹೇಳುವ ಗಿಣಿ ಇನ್ನೂ ಮೊಟ್ಟೆಯಿಂದ ಹೊರಬಿದ್ದಿಲ್ಲ.

"ಹನುಮಂತ ಬ್ರಹ್ಮಚಾರಿ. ಅಂವ ಮದುವೆ ಸುದ್ದಿ ಎಂತಕ್ಕೆ ಹೇಳ್ತ?" ಅಂದಳು. ಆಮೇಲೆ ಚಿತ್ರದ ಗುಡ್ಡದ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದಳು. "ಯಾವ ಬೇರು ಹೇಳಿ ಗೊತ್ತಾಗದ್ದೆ ಇಡೀ ಗುಡ್ಡನೇ ಹೊತ್ಗಂಡು ಬಂದ. ನಿಂಗೂ ಸೈನ್ಸೋ ಆರ್ಟ್ಸೋ, ಎಂತ ಓದವು ಹೇಳಿ ಗೊತ್ತಿಲ್ಲೆ. ಹೋಗು, ಗುಡ್ಡನೇ ತಗಂಡು ಬಾ."

ಅಷ್ಟರಲ್ಲಿ ಬಸ್ಸು ಬಂತು. ಪಾಳಿ ಬದಲಾಗಿ ಅದನ್ನು ಹತ್ತಿದ್ದು ಆ ಕಂಡಕ್ಟರೇ. ತೀರ್ಥಹಳ್ಳಿಯವರೆಗೂ ಅಮ್ಮಮ್ಮ ಅವನನ್ನು ಎಂಥ ಕಣ್ಣಿನಿಂದ ನೋಡಿದಳೆಂದರೆ, ಪಾಪ, ನಮ್ಮ ಟಿಕೇಟು ಹರಿದು ಕೊಟ್ಟವನು ಮತ್ತೆ ನಮ್ಮ ಸೀಟಿನ ಕಡೆ ಬರಲೇ ಇಲ್ಲ.

ಈಗ ನಾನು ಎರಡನೇ ಪಿಯುಸಿ, ಸೈನ್ಸು. ಆದರೂ ಲೈಬ್ರರಿಯಲ್ಲಿ ಯಾವ ಪುಸ್ತಕವೆಂದು ತಿಳಿಯದಿದ್ದರೆ ಆ ಕಾರ್ಡು ಕಣ್ಣ ಮುಂದೆ ಬರುತ್ತದೆ, ಕಪಾಟೇ ಬೇಕೆನಿಸುತ್ತದೆ. ರಜೆಗೆ ಊರಿಗೆ ಹೋದಾಗ ನನ್ನ ಚೀಲ ಎತ್ತಿ ನೋಡಿ ಅಮ್ಮಮ್ಮ ಕೇಳುತ್ತಾಳೆ, "ಬೇರು ಸಿಕ್ತನೇ?"

"ಇಲ್ಲೆ" ಅನ್ನುತ್ತೇನೆ.

ಆ ಗಿಣಿಶಾಸ್ತ್ರದವನು ಇದ್ದಿದ್ದರೆ ಚೀಲದೊಳಗೆ ಕೈ ಹಾಕಿ ಹುಡುಕುತ್ತಿದ್ದ.