ಉಡಿ ಕೊಬ್ಬರಿ ಮತ್ತ ಮೈದುನನ ಮೀಸಿ

ನನಗ ಟೋಪಿ ಹಾಕಾವ್ರು ಇನ್ನೂ ಹುಟ್ಟಿಲ್ಲ ಅಂತ ತಿಳದಿದ್ದೆ. ಸಣ್ಣಾಕಿದ್ದಾಗ ತವರೂರು ಅನಗೋಳದಾಗ ಇಡೀ ಓಣಿಗೆ ಟೋಪಿ ಹಾಕಿದಾಕಿ ನಾನು. ಅಂಥಾ ನನಗ ಟೋಪಿ ಹಾಕಿದಾಕಿ ಯಾರು? ನನ್ನ ನೆಗೆಣ್ಣಿ, ಮೈದುನನ ಹೆಂಡ್ತಿ. ಬಾಯಿ ಸತ್ತಾಕಿ. ನೆನಸಿದ್ರ ಇನ್ನೂ ಹೊಟ್ಟಿ ಉರೀತೈತಿ.

ಎಪ್ಪತ್ತರ ದಶಕದಾಗ ನನ್ನ ಗುಂಜಿ ಅನ್ನೂ ಹಳ್ಳಿಗೆ ಕೊಟ್ರು. ಆ ಮನ್ಯಾಗ ಎಣ್ಣಿ ಡಬ್ಬಿ ಅತ್ತಿ ಕೈಯಾಗ. ಗಂಡಸರ ತಾಟಿಗೆ ಒಗ್ಗರಣಿ, ಕಡೀಕ ಉಣ್ಣೂ ನಮಗ ತಳದ ಸಾರು. ಹಾಲು, ಬೆಣ್ಣಿ ಮಾರಾಕ ಹೋಗತಿದ್ವು. ದಿನಾ ಗದ್ದ್ಯಾಗ ಬಗ್ಗಿ ನಾಟಿ ಹಚ್ಚೂ ಹೆಣ್ಣಮಕ್ಕಳಿಗೆ ಜಿಡ್ಡ ಅಂತ ಸಿಗೂದಂದ್ರ ಕೊಬ್ಬರಿ ಒಂದ. ಅದೂ ತುರಿಯೂವಾಗ ಬಾಯಿಗೆ ಒಗಕೊಂಡ ಚೂರು.

ನೆಗೆಣ್ಣಿ ಹಡದ್ಲು. ತವರಮನ್ಯಾಗ ತಾಯಿ ಇಲ್ಲ, ಹಂಗಾಗಿ ಬಾಣಂತನ ನಮ್ಮಲ್ಲೇ. ಎದ್ಯಾಗ ಹಾಲಿಲ್ಲ, ಕೂಸು ಒಂದ ಸವನ ಅಳತಿತ್ತು. "ಮೈಯಾಗ ಜಿಡ್ಡ ಇಲ್ಲಬೇ ಇಕಿಗೆ, ಒಣಕೊಬ್ಬರಿ ಬೆಲ್ಲ ತಿನಸ್ರಿ" ಅಂದ್ಲು ಸೂಲಗಿತ್ತಿ. ಅತ್ತಿ ಕೇಳಿಸಲಾರದಂಗ ಎದ್ದು ಹೋದ್ರು.

ನಾ ಸುಮ್ನ ಕುಂದರಾಕ್ಯಲ್ಲ. ಅನಗೋಳಕ್ಕ ಹೋದೆ. ತವರಮನಿ ಆತು, ಚಿಗವ್ವನ ಮನಿ ಆತು, ಬಾಜೂಕಿನ ಹಿಂದವಾಡಿಯ ಸೋದರತ್ತಿ ಮನಿ ಆತು. "ಊರಿಗೆ ಹೊಂಟೀನ್ರಿ" ಅನ್ನೂದು, ಅವರು ಉಡಿ ತುಂಬೂದು, ನಾ ಹೊಳ್ಳಿ ಮತ್ತೊಂದು ಮನಿ ಹೊಕ್ಕೂದು! ಅಕ್ಕಿ, ಕುಬಸದ ಕಣ, ಕೊಬ್ಬರಿ ಬಟ್ಟಲ. ಗುಂಜಿ ಸ್ಟೇಷನ್ನಿನಾಗ ಇಳದಾಗ ನನ್ನ ಉಡಿ ನೋಡಿದವರು ಬಸರಿ ಅಂದಕೊಂಡಿರಬೇಕು.

ಮನಿಗೆ ಬಂದಾಕಿನ ಎಲ್ಲಾರ ಮುಂದ ಹೇಳಿದೆ: "ನಮ್ಮ ತವರ ಕಡೆ ಪದ್ಧತಿ ಐತ್ರಿ. ಉಡಿ ಕೊಬ್ಬರಿ ಗಂಡಸರು ತಿಂದ್ರ ಮೀಸಿ ಉದರತಾವ."

ಮಾವ ಮೀಸಿ ಮುಟ್ಟಿ ನೋಡಕೊಂಡ್ರು. "ಹಂಗಿದ್ರ ಹೆಂಗಸರ ತಿನ್ರೆವಾ" ಅಂದ್ರು ಅತ್ತಿ. ಹಾದ್ಯಾಗ, ರೈಲಿನ್ಯಾಗ ಕುಂತ, ಪದ್ಧತಿ ಹುಟ್ಟಿಸಿದಾಕಿ ನಾನು! ನೆಗೆಣ್ಣಿಗಷ್ಟ ಖರೇ ಹೇಳಿದೆ; ಬಾಣಂತಿ ಖೋಲಿ ಬಾಗಲಾ ಹಾಕಿ ಇಬ್ರೂ ಹೊಟ್ಟಿ ಹಿಡಕೊಂಡು ನಕ್ವಿ.

"ನೀನೂ ಒಂದ ಚೂರು ತಿನ್ನಕ್ಕಾ."

"ನನಗ ಬ್ಯಾಡ. ನೀ ತಿಂದ್ರ ಕೂಸಿಗೆ ಹಾಲು" ಅಂದೆ. ವಾಸನಿಗೆ ಬಾಯಾಗ ನೀರು ಬಂದಿತ್ತು ಖರೇ, ಮುಟ್ಟಲಿಲ್ಲ.

ಕೊಬ್ಬರಿ ಬಟ್ಟಲ ತೀರಾಕ ಹತ್ತಿದ್ವು. ಕೂಸಿನ ಅಳು ಮಾತ್ರ ನಿಲ್ಲವಲ್ದು. ಒಂದಿನ ಗದ್ದಿಯಿಂದ ಲಗೂನ ಬಂದೆ. ಮೈದುನ ಬಾಣಂತಿ ಖೋಲಿಯಿಂದ ಹೊರಗ ಬಂದ. ಮೀಸ್ಯಾಗ ಕೊಬ್ಬರಿ ಪುಡಿ.

"ಯಾಕಪಾ, ಮೀಸಿ ಉದರೂದು ಬ್ಯಾಡೇನು?"

"ಉದರೂದಿಲ್ಲಂತ ವೈನಿ" ಅಂತ ಹಲ್ಲ ಕಿಸಿದ. "ಅದು ನೀವು ಕಟ್ಟಿದ ಸುಳ್ಳಂತ. ಮೊದಲನೇ ದಿನಾನ ಇಕಿ ಹೇಳ್ಯಾಳ."

ಒಳಗ ಹೋದೆ. ಆಕಿ ತಲಿ ಎತ್ತಲಿಲ್ಲ.

"ಅವರು ದುಡ್ಯಾವ್ರಕ್ಕಾ. ಅವರಿಗೆ ಕೊಡಲಾರದ ನನ್ನ ಗಂಟಲಾಗ ಇಳ್ಯೂದಿಲ್ಲ."

"ನೀ ದುಡ್ಯೂದಿಲ್ಲೇನ? ಈ ಕೂಸಿನ ಗಂಟಲಾಗ ಏನ ಇಳೀಬೇಕವಾ?"

ಉಳದ ಕೊಬ್ಬರಿ ನನ್ನ ಸೀರಿ ಸೆರಗಿಗೆ ಕಟ್ಟಿಕೊಂಡೆ. ಅವತ್ತಿಂದ ಹೊತ್ತಹೊತ್ತಿಗೆ ಬೆಲ್ಲ ಹಚ್ಚಿ ನಾನ ಆಕಿ ಬಾಯಾಗ ಇಟ್ಟೆ. ನುಂಗೂತನಕ ಮುಂದ ಕುಂತೆ. "ಬಾಯಿ ತಗಿ, ತೋರಸು" ಅನ್ನಾಕಿ.

ಬರಬರತ ಕೂಸಿಗೆ ಹಾಲು ಸಾಕಷ್ಟು ಆತು, ಕುಡದು ನಿದ್ದಿ ಮಾಡಾಕ ಹತ್ತಿತು. ಆದ್ರ ಆ ಖೋಲಿ ಬಾಗಲಾ ಹಾಕಿ ಇಬ್ರೂ ನಗೂದು ಅಲ್ಲಿಗೆ ಮುಗೀತು. ಆಮ್ಯಾಲೂ ನಾ ಎಷ್ಟೋ ಪದ್ಧತಿ ಹುಟ್ಟಿಸೇನಿ. ಅವು ಸುಳ್ಳಂತ ಆಕಿಗೆ ಮಾತ್ರ ಒಂದ ಸಲಾನೂ ಹೇಳಿಲ್ಲ.